ನಮ್ಮ ಭಾವನ ಕಿಟಕಿ ಪುಟ್ಟಿ

ನಮ್ಮ ಭಾವ ಎಗೊನ್ ಝೈಡ್ಲರ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ಅವಕಾಶ ಸಿಗುತ್ತದೋ ಇಲ್ಲವೋ. ನ್ಯೂರೆಂಬರ್ಗಿನ ಟ್ರಾಮುಗಳಲ್ಲಿ ಜನ ಮರೆತು ಬಿಟ್ಟುಹೋದ ಕೊಡೆ, ಟೋಪಿ, ಹಲ್ಲಿನ ಸೆಟ್ಟುಗಳನ್ನು ಕಾಯುವ ಕಚೇರಿಯಲ್ಲಿ ಅವನಿಗೆ ಕೆಲಸ. ಇಪ್ಪತ್ತೆರಡು ವರ್ಷದಿಂದ ಪರರ ವಸ್ತುಗಳನ್ನು ಜೋಪಾನ ಮಾಡುತ್ತಿರುವ ಈ ಮಹಾಶಯ ಸ್ವಂತ ಕೊಡೆಯನ್ನು ವರ್ಷಕ್ಕೆ ನಾಲ್ಕು ಸಲ ಟ್ರಾಮಿನಲ್ಲಿ ಬಿಟ್ಟುಬರುತ್ತಾನೆ. ಮರುದಿನ ಕಚೇರಿಯಲ್ಲಿ ತಾನೇ ಅರ್ಜಿ ಬರೆದು, ತಾನೇ ಪರಿಶೀಲಿಸಿ, ತನಗೇ ಅದನ್ನು ಒಪ್ಪಿಸಿಕೊಳ್ಳುತ್ತಾನೆ. ಒಮ್ಮೆ ಪುರಾವೆ ಸಾಲದೆಂದು ತನ್ನ ಅರ್ಜಿಯನ್ನು ತಾನೇ ತಿರಸ್ಕರಿಸಿದ್ದೂ ಉಂಟು.

ಅವನು ನನ್ನ ಅಕ್ಕ ರೋಸ್ವಿತಾಳ ಗಂಡ. ಎರಡನೇ ಮಹಡಿಯಲ್ಲಿ ಅವರು, ಅವರ ತಲೆಯ ಮೇಲೆ ನಾನು. ಎಂಟು ಸಂಸಾರಗಳಿರುವ ಈ ಹಳೇ ಕಟ್ಟಡದಲ್ಲಿ ಭಾವನಿಗೆ ಯಾರೂ ಯಾವ ಜವಾಬ್ದಾರಿಯನ್ನೂ ಕೊಡುವುದಿಲ್ಲ. ಮೆಟ್ಟಿಲು ಗುಡಿಸುವ ಸರದಿಯ ಹಲಗೆ ಪ್ರತಿ ವಾರ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಹೋಗುತ್ತದೆಯಲ್ಲ, ಅದು ಕೂಡ ಭಾವನ ಬಾಗಿಲನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತದೆ. ಹಾಗೆ ದಾಟಿಸುವವರು ನೆಲಮಹಡಿಯ ಓಟ್ಮಾರ್ ಪ್ರೆಲ್. ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಇಲಾಖೆಯನ್ನು ಬಿಟ್ಟು ಬಂದರೂ ಜೇಬಿನ ಅಳತೆಪಟ್ಟಿಯನ್ನು ಬಿಟ್ಟಿಲ್ಲ. ಕಟ್ಟಡದ ಕಾನೂನು, ಪೊಲೀಸು, ನ್ಯಾಯಾಲಯ ಎಲ್ಲವೂ ಅವರೇ.

ಕಥೆ ಶುರುವಾದದ್ದು ಆಚೆ ವರ್ಷದ ಕ್ರಿಸ್‌ಮಸ್‌ನಲ್ಲಿ. ಭಾವನ ದೊಡ್ಡಮ್ಮ ಕುನಿಗುಂಡೆಗೆ ಎಂಬತ್ತಾರು ವರ್ಷ. ನಮಗೆಲ್ಲ ಆಕೆ ಕುನಿ ದೊಡ್ಡಮ್ಮ. ಊಟ ಮುಗಿದ ಮೇಲೆ ಆಕೆ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತೆಗೆದು ಮೇಜಿನ ಮೇಲಿಟ್ಟಳು. ಪೇರು ಮರದ ಅಚ್ಚು. ಹೃದಯದ ಆಕಾರ, ನಡುವೆ ಒಂದು ಜೇನುನೊಣ. ಅವಳ ತಾಯಿ, ಅಂದರೆ ಭಾವನ ಅಜ್ಜಿ, ಲೇಬ್‌ಕೂಖೆನ್ ಎಂಬ ಜೇನಿನ ಕ್ರಿಸ್‌ಮಸ್ ಬಿಸ್ಕತ್ತು ಬೇಯಿಸುವಾಗ ಹಿಟ್ಟಿನ ಮೇಲೆ ಒತ್ತುತ್ತಿದ್ದ ಅಚ್ಚು.

"ನಂದೇನಿದೆ, ಇವತ್ತೋ ನಾಳೆಯೋ," ಎಂದಳು ಕುನಿ ದೊಡ್ಡಮ್ಮ. "ಮುಂದಿನ ವರ್ಷ ಕ್ರಿಸ್‌ಮಸ್ ಮುಂಚಿನ ಅಡ್ವೆಂಟಿನ ಎರಡನೇ ಭಾನುವಾರ ಇದೇ ಮನೇಗೆ ಬರ್ತೀನಿ. ನಮ್ಮಮ್ಮನ ಕೈ ರುಚಿ ಯಾರು ನನ್ನ ಬಾಯಿಗೆ ಹಾಕ್ತೀರೋ ಅವರಿಗೆ ಈ ಅಚ್ಚು."

ಭಾವನ ಚಿಕ್ಕಮ್ಮನ ಮಗಳು ಇರ್ಮ್‌ಟ್ರೌಟ್ ಕೈ ಚಪ್ಪಾಳೆ ತಟ್ಟಿದಳು. "ಅಯ್ಯೋ, ಎಷ್ಟು ಮುದ್ದಾಗಿದೆ! ನಮ್ಮನೆ ಹಾಲಿನ ಗೋಡೆಗೆ ಹಾಕಿ ಮೇಲೊಂದು ದೀಪ ಬಿಟ್ರೆ ನೋಡ್ಬೇಕು."

ಭಾವನ ಮುಖ ಕೆಂಪಾಯಿತು. ಅವನು ಚಿಕ್ಕವನಿದ್ದಾಗ ಅಜ್ಜಿ ಅವನ ಪುಟ್ಟ ಕೈಯನ್ನು ಆ ಅಚ್ಚಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ಒತ್ತುತ್ತಿದ್ದಳಂತೆ. ಜಗತ್ತಿನಲ್ಲಿ ಅವನು ಮರೆಯದ ಸಂಗತಿ ಅದೊಂದೇ. ಅದು ಗೋಡೆಗೆ ಹೋಗಿ ದೀಪದ ಕೆಳಗೆ ನೇತಾಡುವುದನ್ನು ಅವನಿಂದ ಸಹಿಸಲಾಗಲಿಲ್ಲ.

"ನಾನು ಮಾಡ್ತೀನಿ," ಎಂದ. "ಅಜ್ಜಿ ಹೇಗೆ ಮಾಡ್ತಿದ್ರೋ ಹಾಗೇ. ಸೆಪ್ಟೆಂಬರಲ್ಲಿ ಹಿಟ್ಟು ಕಲಸಿ, ಮೂರು ತಿಂಗಳು ತಣ್ಣಗೆ ಇಟ್ಟು!"

"ನೀನಾ?" ಇರ್ಮ್‌ಟ್ರೌಟ್ ನಕ್ಕಳು. "ನೀನು ಮೂರು ತಿಂಗಳು ಇಟ್ರೆ ಎಲ್ಲಿಟ್ಟೆ ಅಂತ ನಿಂಗೇ ನೆನಪಿರಲ್ವಲ್ಲೋ!"

ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರ್ ಬಂತು. ಭಾವ ಮೂರು ದಿನ ರಜೆ ಹಾಕಿದ. ಕಾಡುಜೇನು ಕಾಯಿಸಿದ. ಅದಕ್ಕೆ ಗೋಧಿ ಹಿಟ್ಟು, ರೈ ಹಿಟ್ಟು, ಚಕ್ಕೆ, ಲವಂಗ, ಏಲಕ್ಕಿ, ಜಾಯಿಕಾಯಿ, ಸೋಂಪು ಹಾಕಿ ಕಲಸಿದ. ಅಡುಗೆಮನೆಯಲ್ಲಿ ಜೇನು ಹತ್ತದ ವಸ್ತು ಉಳಿಯಲಿಲ್ಲ. ಬಾಗಿಲ ಹಿಡಿ, ಫೋನು, ಅಕ್ಕನ ಕನ್ನಡಕ, ಎಲ್ಲ ಅಂಟಂಟು. ಒಂದು ವಾರ ಅವರ ಮನೆಗೆ ಹೋದವರು ಕೈಕುಲುಕಿದರೆ ಬೇಗ ಬಿಡಿಸಿಕೊಂಡು ಬರಲಾಗುತ್ತಿರಲಿಲ್ಲ. ಕೊನೆಗೆ ಬಕೆಟ್ ತುಂಬ ಕಂದು ಬಣ್ಣದ, ಗಟ್ಟಿ ಹಿಟ್ಟು ಸಿದ್ಧವಾಯಿತು.

"ರೀ, ನೆಲಮಾಳಿಗೇಲಿ ಇಡ್ತೀರಿ ಸರಿ," ಎಂದಳು ಅಕ್ಕ. "ಯಾರಾದ್ರೂ ತಿಂದುಬಿಟ್ರೆ?"

ಯಾರಾದ್ರೂ ಎನ್ನುವಾಗ ಅವಳು ನನ್ನ ಕಡೆ ನೋಡಿದ್ದು ನನಗೆ ಸರಿಬರಲಿಲ್ಲ.

"ಅದಕ್ಕೇ ತಲೆ ಓಡ್ಸಿದೀನಿ ಕಣೇ," ಭಾವ ಹಣೆ ತಟ್ಟಿಕೊಂಡ. ಬೆರಳು ಹಣೆಗೆ ಅಂಟಿತು. "'ಹಿಟ್ಟು' ಅಂತ ಚೀಟಿ ಹಚ್ಚಿದ್ರೆ ನಿನ್ನ ತಮ್ಮ ತಿಂತಾನೆ. 'ಝೈಡ್ಲರ್' ಅಂತ ಹಚ್ಚಿದ್ರೆ ಇರ್ಮ್‌ಟ್ರೌಟ್ ಬಂದು ಮೂಸ್ತಾಳೆ. ಇಪ್ಪತ್ತೆರಡು ವರ್ಷದ ಅನುಭವದಿಂದ ಹೇಳ್ತೀನಿ ಕೇಳು. ಒಬ್ಬನ ಸಾಮಾನಿಗೆ ಕಳ್ಳ ಇರ್ತಾನೆ. ಎಲ್ಲರ ಸಾಮಾನಿಗೆ ಯಾರೂ ಕೈ ಹಾಕಲ್ಲ."

ಹೀಗೆಂದು, ಗಾಜಿನ ಸಂದಿಗೆ ಮೆತ್ತುವ ಲೇಪದ ಹೆಸರನ್ನು ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಬಕೆಟ್ಟಿಗೆ ಅಂಟಿಸಿದ: "ಕಿಟಕಿ ಪುಟ್ಟಿ. ಕಟ್ಟಡದ ಆಸ್ತಿ."

ನಮ್ಮ ಜನ ಕಣ್ಣಾರೆ ಕಂಡದ್ದನ್ನು ನಂಬದಿದ್ದರೂ ಚೀಟಿಯಲ್ಲಿ ಬರೆದದ್ದನ್ನು ನಂಬುತ್ತಾರೆ. ಅದು ಭಾವನಿಗೆ ಗೊತ್ತಿತ್ತು. ಆದರೆ ಕಟ್ಟಡದ ಆಸ್ತಿಗೆ ನೆಲಮಹಡಿಯಲ್ಲಿ ಒಬ್ಬ ವಾರಸುದಾರ ಇದ್ದಾನೆ ಅನ್ನುವುದು ಮಾತ್ರ ಆ ತಲೆಗೆ ಹೊಳೆಯಲಿಲ್ಲ.

ಅಕ್ಟೋಬರ್ ಎರಡನೇ ವಾರದಲ್ಲಿ ಮೆಟ್ಟಿಲ ಮೇಲೆ ಒಂದು ವಾಸನೆ ಶುರುವಾಯಿತು. ಸಿಹಿ ವಾಸನೆ. ಕಿಟಕಿಗಳ ಕೆಳಗೆ ಹೀಟರ್ ಬಿಸಿಯಾದಾಗೆಲ್ಲ ಲವಂಗ, ಏಲಕ್ಕಿ ಘಮ್ ಎನ್ನುತ್ತಿತ್ತು. ಮೊದಲ ಮಹಡಿಯ ವಿಧವೆ ಹಾಬರ್‌ಮಾನ್ ಅಮ್ಮನವರು ನನ್ನನ್ನು ತಡೆದು ಕಿವಿಯಲ್ಲಿ ಹೇಳಿದರು: "ಫೋಲ್ಕರ್, ನಮ್ಮ ಯಜಮಾನ್ರು ಬರ್ತಿದಾರೆ ಕಣಪ್ಪ. ಅವ್ರ ಪೈಪಿನ ಹೊಗೆ ಹೀಗೇ ಘಮ್ಮಂತಿತ್ತು. ಹನ್ನೊಂದು ವರ್ಷ ಆಯ್ತು, ಈಗ ಜ್ಞಾಪಕ ಬಂತು ನೋಡು."

"ಏನಂತಾರೆ?"

"ಏನೂ ಅನ್ನಲ್ಲ. ಬದುಕಿದ್ದಾಗ್ಲೂ ಅಷ್ಟೇ."

ಅದರ ಹಿಂದೆಯೇ ಹಕ್ಕಿಗಳು ಬಂದವು. ನೀಲಿ ತಲೆಯ ಚಿಟಗುಬ್ಬಿಗಳು ಹಿಂಡುಹಿಂಡಾಗಿ ಬಂದು ಮೆಟ್ಟಿಲ ಕಿಟಕಿಗಳ ಅಂಚನ್ನು ಹೊರಗಿನಿಂದ ಟಕಟಕ ಕುಕ್ಕತೊಡಗಿದವು. ಬೀದಿಯ ಬೇರೆ ಯಾವ ಮನೆಗೂ ಇಲ್ಲದ ಈ ಸೌಭಾಗ್ಯದಿಂದ ಪ್ರೆಲ್ ಅವರು ಕೆರಳಿದರು. ಫಲಕದ ಮೇಲೆ ನೋಟೀಸು ಬಿತ್ತು: "ಕಿಟಕಿ ಕುಕ್ಕುವ ಪಕ್ಷಿಗಳಿಗೆ ನಿವಾಸಿಗಳು ಯಾವುದೇ ರೀತಿಯ ಪ್ರೋತ್ಸಾಹ ನೀಡಕೂಡದು." ಭಾವ ಅದನ್ನು ಓದಿ ನನಗೆ, "ಪಾಪ, ಹಕ್ಕೀಗೆ ಹುಚ್ಚು ಹಿಡಿದಿರ್ಬೇಕು ಕಣೋ," ಎಂದ. ಮೂಗಿದ್ದೂ ಮೂಸದ ಮನುಷ್ಯ! ಅಲ್ಲಿಂದ ಡಿಸೆಂಬರ್‌ವರೆಗೂ ಅವನಿಗೆ ನೆಗಡಿ ಎನ್ನುವುದನ್ನು ಅವನ ಪರವಾಗಿ ಹೇಳಬೇಕು.

ಅಡ್ವೆಂಟಿನ ಎರಡನೇ ಭಾನುವಾರಕ್ಕೆ ಎರಡು ದಿನವಿತ್ತು. ಶುಕ್ರವಾರ ಬೆಳಿಗ್ಗೆ ಭಾವ ಹೊಸ ಏಪ್ರನ್ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ನೆಲಮಾಳಿಗೆಗೆ ಇಳಿದ. ಬಕೆಟ್ ಇತ್ತು. ಚೀಟಿ ಇತ್ತು. ಮುಚ್ಚಳ ತೆಗೆದ. ತಳದಲ್ಲಿ ಒಂದು ಮುಷ್ಟಿಯಷ್ಟು ಹಿಟ್ಟು. ಅದರ ಪಕ್ಕದಲ್ಲಿ ಚೊಕ್ಕಟವಾಗಿ ಒರೆಸಿಟ್ಟ ಒಂದು ಪುಟ್ಟ ಕರಣೆ.

ಭಾವ ನನ್ನ ಕಡೆ ತಿರುಗಿದ. "ಫೋಲ್ಕರ್."

"ದೇವರಾಣೆ ನಾನಲ್ಲ! ನಾನು ಕರಣೇಲಿ ತಿಂತೀನಾ?"

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಪ್ರೆಲ್ ಅವರ ಧ್ವನಿ. "ಝೈಡ್ಲರ್ ಅವ್ರೇ! ಆ ಚೀಟಿ ಅಕ್ಷರ ನಿಮ್ದಲ್ವಾ? ಎಂಟು ವಾರದಿಂದ ಕೇಳ್ಬೇಕು ಅಂತಿದ್ದೆ. ಮೇಲೆ ಬನ್ನಿ, ತೋರಿಸ್ತೀನಿ."

ಮೇಲೆ ಹೋದೆವು. ಐದು ಕಿಟಕಿ. ಒಂದೊಂದರ ಗಾಜಿನ ಸುತ್ತ, ಚೌಕಟ್ಟಿನ ಸುತ್ತ, ಒಳಗೂ ಹೊರಗೂ, ಕೂದಲು ಹೋಗದ ಹಾಗೆ ತುಂಬಿದ ನಮ್ಮ ಲೇಬ್‌ಕೂಖೆನ್ ಹಿಟ್ಟು. ಅಳತೆಪಟ್ಟಿ ಹಿಡಿದು ಗೆರೆ ಎಳೆದಂತೆ ನೇರ. ಭೂಮಾಪಕರ ಕೆಲಸವಲ್ಲವೆ.

"ಎಂಥಾ ಮಾಲು ರೀ!" ಎಂದರು ಪ್ರೆಲ್. "ಒಣಗಲ್ಲ, ಬಿರುಕು ಬಿಡಲ್ಲ. ಅಂಗಡೀಲಿ ಸಿಗೋದೆಲ್ಲ ಇದರ ಮುಂದೆ ಮಣ್ಣು. ಒಂದೇ ದೋಷ, ಹಕ್ಕಿಗಳು."

ಭಾವ ಬಾಯಿ ತೆರೆದ. ಮಾತು ಬರುವಷ್ಟರಲ್ಲಿ ಬೀದಿ ಬಾಗಿಲು ತೆರೆದು ಗೃಹ ಸಂಘದ ತಪಾಸಣಾಧಿಕಾರಿ ಒಳಗೆ ಬಂದರು. ಕೈಯಲ್ಲಿ ಮೋಂಬತ್ತಿ. ಪ್ರತಿ ಕಿಟಕಿಯ ಮುಂದೆ ಅದನ್ನು ಹಿಡಿಯುವುದು, ಜ್ವಾಲೆ ಅಲುಗಿದರೆ ತಲೆ ಅಲುಗಿಸುವುದು, ಇದು ಅವರ ವಿಧಾನ. ಮೂರು ವರ್ಷದಿಂದ ನಮ್ಮ ಮೆಟ್ಟಿಲಲ್ಲಿ ಆ ಮೋಂಬತ್ತಿ ಮೊದಲನೇ ಕಿಟಕಿ ದಾಟಿರಲಿಲ್ಲ. ಈ ಸಲವೂ ಆರಿದರೆ ಮರದ ಕಿಟಕಿಗಳನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹಾಕುವುದೆಂದು ತೀರ್ಮಾನವಾಗಿತ್ತು. ಪ್ರೆಲ್ ಅವರು ಆ ಕಟ್ಟಡದಲ್ಲೇ ಹುಟ್ಟಿದವರು. ಅವರ ಮುಖ ಬಿಳಿಚಿಕೊಂಡಿತು.

ಮೊದಲ ಕಿಟಕಿ. ಜ್ವಾಲೆ ನೆಟ್ಟಗೆ. ಎರಡನೆಯದು, ಮೂರನೆಯದು, ಹಾಗೇ ಐದೂ. ಅಧಿಕಾರಿ ಮೋಂಬತ್ತಿಯನ್ನೇ ಸಂಶಯದಿಂದ ನೋಡಿದರು. ಆಮೇಲೆ ಕಿಟಕಿಗೆ ಮೂಗು ಹಚ್ಚಿದರು.

"ಈ ಸಾಲಿನಲ್ಲೇ ಇಂಥ ಭದ್ರವಾದ ಕಿಟಕಿ ಕಂಡಿಲ್ಲ. ಯಾವ ಕಂಪನೀದು?"

"ಝೈಡ್ಲರ್ ಅವ್ರು ತಂದಿದ್ದು," ಎಂದರು ಪ್ರೆಲ್. ಬದುಕಿನಲ್ಲಿ ಮೊದಲ ಸಲ ಅವರು ಭಾವನ ಹೆಸರನ್ನು ಹೆಮ್ಮೆಯಿಂದ ಹೇಳಿದ್ದರು.

ಎಲ್ಲರೂ ಭಾವನನ್ನೇ ನೋಡಿದರು. ಹಿಟ್ಟು ಅಂದರೆ ಕಿಟಕಿ ಹೋಯಿತು. ಪುಟ್ಟಿ ಅಂದರೆ ಹಿಟ್ಟು ಹೋಯಿತು. ಭಾವ, "ಅದು... ನಮ್ಮಜ್ಜಿ ಕಾಲದ್ದು," ಎಂದ.

"ಅಜ್ಜಿ ಕಾಲದ ಸಾಂಪ್ರದಾಯಿಕ ಲೇಪ," ಎಂದು ಅಧಿಕಾರಿ ಬರೆದುಕೊಂಡರು. "ಅದಕ್ಕೇ ಮತ್ತೆ. ಈಗಿನವರಿಗೆ ಎಲ್ಲಿ ಬರ್ಬೇಕು."

ಅವರು ಹೋದ ಮೇಲೆ ಪ್ರೆಲ್ ಅವರು ಭಾವನನ್ನು ಅಪ್ಪಿಕೊಂಡರು. ಕಣ್ಣಲ್ಲಿ ನೀರು. ಇಪ್ಪತ್ತು ವರ್ಷದಲ್ಲಿ ಒಂದು ನಮಸ್ಕಾರಕ್ಕೂ ಜಿಪುಣತನ ಮಾಡಿದ ಮನುಷ್ಯ! ಅಂಥವರಿಗೆ 'ಸ್ವಾಮಿ, ನೀವು ಬಳಿದದ್ದು ನನ್ನ ಕ್ರಿಸ್‌ಮಸ್ ತಿಂಡಿ' ಎಂದು ಹೇಳುವ ಎದೆ ಭಾವನಿಗೆ ಬರಲಿಲ್ಲ. ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತ.

"ಹೋಯ್ತು ಕಣೇ ರೋಸ್ವಿತಾ. ಅಚ್ಚು ಗೋಡೆಗೆ ಹೋಯ್ತು."

"ಒಂದು ಮುಷ್ಟಿ ಉಳಿದಿದೆಯಲ್ರೀ."

"ಒಂದು ಮುಷ್ಟೀಲಿ ಎಷ್ಟಾಗುತ್ತೆ?"

"ಒಂದಾಗುತ್ತೆ," ಎಂದಳು ಅಕ್ಕ. "ದೊಡ್ಡಮ್ಮಂಗೆ ಇರೋದು ಒಂದೇ ಬಾಯಿ ತಾನೆ? ಏಳಿ."

ಶನಿವಾರ ಬೇಯಿಸಿದರು. ಹಿಟ್ಟು ಉಬ್ಬಲು ಜಿಂಕೆಕೊಂಬಿನ ಉಪ್ಪು ಹಾಕಬೇಕು. ಅದು ಒಲೆಗೆ ಹೋದ ಕೂಡಲೇ ಮೂಗಿಗೆ ಗುದ್ದುವಂಥ ಘಾಟು ಬರುತ್ತದೆ, ಕುದುರೆ ಲಾಯದಲ್ಲಿ ತಲೆ ಇಟ್ಟ ಹಾಗೆ. ಭಾವನ ನೆಗಡಿ ಆ ಕ್ಷಣಕ್ಕೆ ಬಿಟ್ಟಿತು. ಘಾಟು ಹೋಗಿ, ಹತ್ತು ನಿಮಿಷದಲ್ಲಿ ಜೇನು ಮತ್ತು ಲವಂಗದ ಪರಿಮಳ ಬಂತು. ಅಚ್ಚು ದೊಡ್ಡಮ್ಮನ ಹತ್ತಿರ ಇದ್ದದ್ದರಿಂದ ಭಾವ ಚಾಕುವಿನಲ್ಲೇ ಹೃದಯ ಕತ್ತರಿಸಿದ್ದ. ಬೆಂದು ಬಂದಾಗ ಅದು ಬೂಟಿನ ಹಾಗಿತ್ತು.

"ಎಡಗಾಲಿಂದು," ಎಂದೆ ನಾನು. ಅಕ್ಕ ಒದ್ದೆ ಬಟ್ಟೆ ಎಸೆದಳು.

ಭಾನುವಾರ ಮೂರು ಗಂಟೆಗೆ ಇರ್ಮ್‌ಟ್ರೌಟ್ ಮೊದಲು ಬಂದಳು. ಮೂರು ಡಬ್ಬ, ನೂರಿಪ್ಪತ್ತು ಲೇಬ್‌ಕೂಖೆನ್. ಒಂದೊಂದರ ಮೇಲೂ ಸಕ್ಕರೆಯ ಬಿಳಿ ಚಿತ್ತಾರ, ಬಾದಾಮಿ. ಮೇಜಿನ ಮೇಲೆ ತಟ್ಟೆಯಲ್ಲಿ ಒಂಟಿಯಾಗಿ ಕೂತಿದ್ದ ಬೂಟನ್ನು ನೋಡಿ ಕೇಳಿದಳು: "ಇದೇನು ಎಗೊನ್, ಕಚೇರೀಲಿ ಯಾರಾದ್ರೂ ಬಿಟ್ಟುಹೋಗಿದ್ದಾ?"

ಭಾವ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಆಗಲೇ ಕೆಳಗಿನಿಂದ ಕೋಲಿನ ಸದ್ದು ಬಂತು. ನಾವೆಲ್ಲ ಮೆಟ್ಟಿಲಿಗೆ ಓಡಿದೆವು.

ಕುನಿ ದೊಡ್ಡಮ್ಮ ಹತ್ತುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದನ್ನು ಪ್ರೆಲ್ ಅವರು ಹಿಡಿದಿದ್ದರು. ಹಾಬರ್‌ಮಾನ್ ಅಮ್ಮನವರು ಚೀಲ ಹಿಡಿದು ಹಿಂದೆ. ಮೊದಲ ಮಹಡಿಯ ಕಿಟಕಿಯ ಹತ್ತಿರ ದೊಡ್ಡಮ್ಮ ಉಸಿರು ತೆಗೆದುಕೊಳ್ಳಲು ನಿಂತಳು. ಉಸಿರು ತೆಗೆದುಕೊಂಡಳು. ಮತ್ತೆ ತೆಗೆದುಕೊಂಡಳು. ಮೂರನೇ ಸಲ ಅದು ಉಸಿರಾಗಿರಲಿಲ್ಲ, ಮೂಸುವುದಾಗಿತ್ತು. ಕೋಲನ್ನು ಪ್ರೆಲ್ ಅವರ ಕೈಗೆ ಕೊಟ್ಟು, ಉಗುರಿನಲ್ಲಿ ಕಿಟಕಿಯ ಮೂಲೆಯನ್ನು ಕೆರೆದು, ನಾವು ಅಯ್ಯೋ ಎನ್ನುವಷ್ಟರಲ್ಲಿ ಬಾಯಿಗೆ ಹಾಕಿಕೊಂಡಳು.

"ಅಮ್ಮಾ! ಅದು ಪುಟ್ಟಿ!" ಎಂದು ಕಿರುಚಿದರು ಪ್ರೆಲ್. "ಉಗೀರಿ! ಕಟ್ಟಡದ ಪುಟ್ಟಿ!"

ದೊಡ್ಡಮ್ಮ ಉಗಿಯಲಿಲ್ಲ. ಕಣ್ಣು ಮುಚ್ಚಿ ಚಪ್ಪರಿಸಿದಳು.

"ಇದನ್ನ ಕಲಸಿದ್ಯಾರು?"

"ನಾನು, ದೊಡ್ಡಮ್ಮ," ಎಂದ ಭಾವ. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗಿತ್ತು ಧ್ವನಿ. "ಅದು... ಲೇಬ್‌ಕೂಖೆನ್ ಹಿಟ್ಟು. ಯಾರೂ ತಿನ್ಬಾರ್ದು ಅಂತ ಪುಟ್ಟಿ ಅಂತ ಚೀಟಿ ಹಾಕಿದ್ದೆ."

"ಕಿಟಕಿಗೆ ಬಳಿದಿದ್ಯಾರು?"

ಪ್ರೆಲ್ ಅವರು ಗೋಡೆಗೆ ಒರಗಿದರು. "ಎಂಟು ವಾರದಿಂದ ನಾನು ಕಿಟಕಿಗೆ ತಿಂಡಿ ಬಳ್ದಿದೀನಾ?"

"ಹಾಗಾದ್ರೆ ನಮ್ಮ ಯಜಮಾನ್ರು?" ಎಂದರು ಹಾಬರ್‌ಮಾನ್ ಅಮ್ಮನವರು.

ದೊಡ್ಡಮ್ಮನ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆವು. ಇಲ್ಲ, ನಗುತ್ತಿದ್ದಳು. ಕಿಟಕಿ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕಳು. "ನಮ್ಮಮ್ಮ ಏನು ಮಾಡ್ತಿದ್ಳು ಗೊತ್ತೇನೋ? ನಾವು ಮಕ್ಕಳು ಹಸಿ ಹಿಟ್ಟು ಕದ್ದು ತಿಂತೀವಿ ಅಂತ ಪೀಪಾಯಿ ಮೇಲೆ 'ಬಡಗಿ ಅಂಟು' ಅಂತ ಬರೆದಿಡ್ತಿದ್ಳು. ನಾವು ತಿಂದಿದ್ದು ತಿಂದಿದ್ದೇ. ಒಂದು ವರ್ಷ ನಮ್ಮಪ್ಪ ಅದರಲ್ಲಿ ಕುರ್ಚಿ ಕಾಲು ಅಂಟಿಸಿದ್ರು. ಆ ಕುರ್ಚಿ ಇವತ್ತೂ ನಮ್ಮನೇಲಿದೆ, ಅದರ ಮೇಲೇ ಕೂರ್ತೀನಿ."

ಮೇಲೆ ಬಂದು ಎಲ್ಲರೂ ಮೇಜಿನ ಸುತ್ತ ಕೂತರು. ಕಟ್ಟಡವೇ ಬಂದು ಬಾಗಿಲಲ್ಲಿ ನಿಂತಿತ್ತು. ದೊಡ್ಡಮ್ಮ ಮೊದಲು ಇರ್ಮ್‌ಟ್ರೌಟಳದ್ದನ್ನು ಕಚ್ಚಿದಳು. "ಚೆನ್ನಾಗಿದೆ. ನಿನ್ನೆ ಹುಟ್ಟಿದ್ದು. ನಿನ್ನೆ ಹುಟ್ಟಿದ ಮಗೂನೂ ಚೆನ್ನಾಗೇ ಇರುತ್ತೆ, ಮಾತಾಡಲ್ಲ ಅಷ್ಟೇ." ಆಮೇಲೆ ಬೂಟಿನ ಕಡೆ ಕೈ ಚಾಚಿದಳು.

"ಒಂದು ನಿಮಿಷ," ಎಂದರು ಪ್ರೆಲ್. ಅವರು ಚೇತರಿಸಿಕೊಂಡಿದ್ದರು. ಒಂದು ಕೈಯಲ್ಲಿ ಬಕೆಟ್ಟಿನಿಂದ ಕಿತ್ತು ತಂದ ಚೀಟಿ, ಇನ್ನೊಂದರಲ್ಲಿ ಅಳತೆಪಟ್ಟಿ. "'ಕಟ್ಟಡದ ಆಸ್ತಿ.' ಅಕ್ಷರ ಝೈಡ್ಲರ್ ಅವ್ರದ್ದೇ. ಆ ಬಕೆಟ್ಟಿನ ಹಿಟ್ಟಿಂದ ಆದ ಯಾವುದೇ ವಸ್ತು ಎಂಟು ಸಂಸಾರಕ್ಕೂ ಸಮಪಾಲು. ಅತಿಥಿಗಳಿಗೆ ಪಾಲಿಲ್ಲ. ನಿಯಮ ನಿಯಮವೇ."

"ಪ್ರೆಲ್ ಅವ್ರೇ, ನಿಮಗೇನು ಬಂದಿದೆ!" ಎಂದಳು ಅಕ್ಕ. ಅವರು ಕೇಳಲಿಲ್ಲ. ಬೂಟನ್ನು ಅಳೆದರು. ಹಿಮ್ಮಡಿಯಿಂದ ತುದಿಯವರೆಗೆ ಎಂಟು ತುಂಡು, ಒಂದು ಪುಡಿಯೂ ಆಚೀಚೆ ಇಲ್ಲ. ನಾನು ನನ್ನ ಸಂಸಾರದ ಪಾಲನ್ನು ಬಾಯಿಗೆ ಹಾಕಿಕೊಂಡೆ. ನಾನು ಬ್ರಹ್ಮಚಾರಿ, ಪೂರ್ತಿ ನನಗೇ ಬಂತು. ನಗಬೇಕೆಂದು ಬಾಯಿ ತೆರೆದವನು ಮುಚ್ಚಿಬಿಟ್ಟೆ. ಅದು ಮೊದಲು ಗಟ್ಟಿ ಇತ್ತು, ಆಮೇಲೆ ಮೆತ್ತಗಾಯಿತು, ಆಮೇಲೆ ಒಂದೊಂದೇ ಮಸಾಲೆ ಬಂದು ತನ್ನ ಪರಿಚಯ ಹೇಳಿಕೊಂಡು ಹೋಯಿತು. ಪ್ರೆಲ್ ಅವರ ಕೈಯಿಂದ ಅಳತೆಪಟ್ಟಿ ಕೆಳಗೆ ಬಿತ್ತು.

ಉಳಿದದ್ದು ಝೈಡ್ಲರ್ ಸಂಸಾರದ ಒಂದು ತುಂಡು. ಭಾವ ಅದನ್ನು ನೋಡಿದ. ಮೂರು ತಿಂಗಳು ಕಾದ ಹಿಟ್ಟು. ಅವನು ಇನ್ನೂ ಒಂದು ಚೂರೂ ರುಚಿ ನೋಡಿರಲಿಲ್ಲ. ಅಕ್ಕನ ಮುಖ ನೋಡಿದ, ಅವಳು ತಲೆಯಾಡಿಸಿದಳು. ಅವನು ಆ ತುಂಡನ್ನು ತೆಗೆದು ದೊಡ್ಡಮ್ಮನ ಅಂಗೈಯಲ್ಲಿಟ್ಟ.

ದೊಡ್ಡಮ್ಮ ನಿಧಾನವಾಗಿ ತಿಂದಳು. ಈ ಸಲ ನಿಜವಾಗಿಯೂ ಅತ್ತಳು.

"ಅಮ್ಮಂದು," ಎಂದಳು. ಅಷ್ಟೇ.

"ಒಂದೇ ಒಂದು, ಅದೂ ಬೂಟು!" ಇರ್ಮ್‌ಟ್ರೌಟ್ ಎದ್ದು ನಿಂತಳು. "ನಾನು ನೂರಿಪ್ಪತ್ತು ಮಾಡಿದೀನಿ!"

"ಅದಕ್ಕೇ ಮಗಾ, ನೂರಹತ್ತೊಂಬತ್ತು ಉಳಿದಿದೆ ನೋಡು," ಎಂದಳು ದೊಡ್ಡಮ್ಮ. ಟವೆಲ್ ಬಿಚ್ಚಿದಳು. ಅಚ್ಚನ್ನು ಭಾವನ ಮುಂದೆ ಮೇಜಿನ ಮೇಲಿಟ್ಟು, ಅವನ ದಪ್ಪ ಕೈಯನ್ನು ಅದರ ಮೇಲಿಟ್ಟು, ಅದರ ಮೇಲೆ ತನ್ನ ಸುಕ್ಕು ಕೈಯಿಟ್ಟು ಒಮ್ಮೆ ಒತ್ತಿದಳು. ನಮ್ಮ ಭಾವ ಐವತ್ತನಾಲ್ಕು ವರ್ಷದ ಗಂಡಸು, ಕಟ್ಟಡದ ಎಂಟು ಸಂಸಾರಗಳ ಮುಂದೆ ಗಳಗಳ ಅತ್ತ. ನನಗೂ ಕಣ್ಣಿಗೆ ಏನೋ ಬಿತ್ತು.

ಇನ್ನು ಕಿಟಕಿಗಳ ವಿಷಯ. ಜನವರಿ ಆರರ ಹೊತ್ತಿಗೆ ನಮ್ಮ ಮೆಟ್ಟಿಲಲ್ಲಿ ಗಾಳಿ ಸಿಳ್ಳೆ ಹೊಡೆಯುತ್ತಿತ್ತು. ಕಿಟಕಿಯ ಒಳ ಅಂಚುಗಳಲ್ಲಿ ಚಮಚದ ಗುರುತು. ಎಲ್ಲರೂ ಹಕ್ಕಿಗಳನ್ನು ದೂರಿದರು. ಹಕ್ಕಿಗಳು ಒಳಗೆ ಹೇಗೆ ಬಂದವು ಎಂದು ಯಾರೂ ಕೇಳಲಿಲ್ಲ. ನಾನಂತೂ ಕೇಳುವ ಸ್ಥಾನದಲ್ಲಿರಲಿಲ್ಲ. ಪ್ರೆಲ್ ಅವರ ಅಡುಗೆಮನೆಯಿಂದ ಕುದುರೆ ಲಾಯದ ಘಾಟು ಬಂದ ದಿನವೇ ಫಲಕದ ಮೇಲೆ ಹೊಸ ನೋಟೀಸು ಬಿತ್ತು: "ನಿವಾಸಿಗಳ ಸಭೆಯ ಒಮ್ಮತದ ನಿರ್ಣಯ. ಬರುವ ಸೆಪ್ಟೆಂಬರಿನಿಂದ ಕಿಟಕಿ ಪುಟ್ಟಿಯ ಸಂಪೂರ್ಣ ಜವಾಬ್ದಾರಿ ಶ್ರೀ ಎಗೊನ್ ಝೈಡ್ಲರ್ ಅವರದು. ಮೂರು ಬಕೆಟ್. ಅದರಲ್ಲಿ ಕಿಟಕಿಗೆ ಒಂದು."

ಭಾವ ಅದನ್ನು ನಾಲ್ಕು ಸಲ ಓದಿದ. ಆ ಸಂತೋಷದಲ್ಲಿ ಕೆಲಸಕ್ಕೆ ಹೋಗುವಾಗ ಕೊಡೆಯನ್ನು ಟ್ರಾಮಿನಲ್ಲಿ ಬಿಟ್ಟ. ಮರುದಿನ ಕಚೇರಿಯಲ್ಲಿ ಅರ್ಜಿ ಬರೆಯುವಾಗ ಉದ್ಯೋಗ ಎಂಬಲ್ಲಿ 'ಕಿಟಕಿ ಪುಟ್ಟಿ ಅಧಿಕಾರಿ' ಎಂದು ತುಂಬಿದನಂತೆ. ಆಮೇಲೆ ಮೇಜಿನ ಆಚೆ ಬದಿಗೆ ಹೋಗಿ ಕೂತು, ಅರ್ಜಿ ಓದಿ, ಎದ್ದು ನಿಂತು ಗೌರವದಿಂದ ಕೊಡೆಯನ್ನು ಒಪ್ಪಿಸಿದ. ಈ ಸಲ ಪುರಾವೆ ಕೇಳಲಿಲ್ಲ.